ಬೆಂಗಳೂರಿನಿಂದ ಕೊಡಚಾದ್ರಿಗೆ ಕಾರಿನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಚಾದ್ರಿ ಇರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ, ಮೂಕಾಂಬಿಕಾ ವನ್ಯಜೀವಿ ಧಾಮದ ಮಗ್ಗುಲಲ್ಲಿ. ಎತ್ತರ 1,343 ಮೀಟರ್. ಬೆಂಗಳೂರಿನಿಂದ ರಸ್ತೆಯಲ್ಲಿ ಸುಮಾರು 400 ಕಿ.ಮೀ. ಹೊರಡುವ ಮುಂಚೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಎಲ್ಲ ಉತ್ತರಗಳ ಹಿಂದೆ ಒಂದೇ ಮಾತಿದೆ: ಶಿವಮೊಗ್ಗ ದಾಟಿದ ಮೇಲಿನ ರಸ್ತೆಯನ್ನು ಹಗಲಲ್ಲೇ ಓಡಿಸಿ. ಯಾವತ್ತು ಹೊರಡಬೇಕು, ಎಲ್ಲಿ ಮಲಗಬೇಕು, ಎಷ್ಟು ದಿನ ಬೇಕು ಅನ್ನುವುದೆಲ್ಲ ಈ ಒಂದು ಮಾತಿನ ಮೇಲೆ ತೀರ್ಮಾನವಾಗುತ್ತದೆ.

ಶನಿವಾರ ಹೋಗಿ ಭಾನುವಾರ ವಾಪಸ್ ಬರೋಕೆ ಆಗಲ್ವಾ?

ಆಗುತ್ತದೆ, ಬೇಡ. ಹೋಗೋಕೆ ಊಟ, ತಿಂಡಿ ಸೇರಿ ಹತ್ತು ಗಂಟೆಗೂ ಮೇಲೆ, ಬರೋಕೆ ಮತ್ತೆ ಅಷ್ಟೇ. ನಡುವೆ ಬೆಟ್ಟಕ್ಕೆ ಅರ್ಧ ದಿನ. ಹೀಗೆ ಲೆಕ್ಕ ಹಾಕಿದವರು ಕೊನೆಗೆ ಕಳೆದುಕೊಳ್ಳುವುದು ನಿದ್ದೆಯನ್ನು. ನಿದ್ದೆಗೆಟ್ಟ ಡ್ರೈವರ್ ಭಾನುವಾರ ರಾತ್ರಿ ತುಮಕೂರು ರಸ್ತೆಗೆ ಬಂದು ಸೇರುತ್ತಾನೆ, ಅಲ್ಲಿ ಆಗಲೇ ಊರೆಲ್ಲ ವಾಪಸ್ ಬರುತ್ತಿರುತ್ತದೆ. ಮೂರು ದಿನ ಇಟ್ಟುಕೊಳ್ಳಿ. ಒಂದು ದಿನ ಹೋಗೋಕೆ, ಒಂದು ದಿನ ಬೆಟ್ಟಕ್ಕೆ, ಒಂದು ದಿನ ಬರೋಕೆ. ಮೂರು ದಿನ ಸಿಗದಿದ್ದರೆ ಹತ್ತಿರದ ಇನ್ನೊಂದು ಬೆಟ್ಟಕ್ಕೆ ಹೋಗಿ, ಇದನ್ನು ಮುಂದಿನ ರಜೆಗೆ ಉಳಿಸಿಕೊಳ್ಳಿ.

ಶುಕ್ರವಾರ ರಾತ್ರಿ ಕೆಲಸ ಮುಗಿಸಿ ಹೊರಟರೆ ಟ್ರಾಫಿಕ್ ಇರಲ್ಲ, ಬೆಳಗ್ಗೆ ಅಲ್ಲಿರುತ್ತೇವೆ. ಅದು ಒಳ್ಳೇದಲ್ವಾ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಶಿವಮೊಗ್ಗದವರೆಗೆ ರಾತ್ರಿ ಪ್ರಯಾಣ ಹೇಗೋ ನಡೆದುಹೋಗುತ್ತದೆ. ತೊಂದರೆ ಶುರುವಾಗುವುದು ಆಮೇಲೆ, ಅದೂ ಬೆಳಗಿನ ಜಾವ ಮೂರು, ನಾಲ್ಕರ ಹೊತ್ತಿಗೆ. ರಸ್ತೆ ಕಿರಿದು, ಒಂದಾದ ಮೇಲೊಂದು ತಿರುವು, ಎರಡೂ ಕಡೆ ಮರ, ಮೇಲೆ ಮಂಜು. ಬಿಳಿ ಪಟ್ಟೆ ಇಲ್ಲದ ಹಂಪ್ ಹತ್ತಿರ ಬಂದ ಮೇಲೇ ಕಾಣುತ್ತದೆ. ದನಗಳು ರಸ್ತೆ ಮೇಲೇ ಮಲಗಿರುತ್ತವೆ. ಕಾಡುಹಂದಿ, ಕಾಡುಕೋಣ ಅಡ್ಡ ಬರುವುದೂ ಉಂಟು. ಮನುಷ್ಯನಿಗೆ ಅತಿ ಹೆಚ್ಚು ನಿದ್ದೆ ಎಳೆಯುವುದೂ ಅದೇ ಹೊತ್ತಿನಲ್ಲಿ.

ರಾತ್ರಿಯೇ ಹೊರಡಬೇಕು ಅಂದರೆ ಎರಡು ದಾರಿ ಇದೆ. ಒಂದು, ಶಿವಮೊಗ್ಗದಲ್ಲಿ ರೂಮ್ ಮಾಡಿ ಮಲಗಿ, ಬೆಳಕು ಹರಿದ ಮೇಲೆ ಮುಂದೆ ಹೋಗಿ. ಇನ್ನೊಂದು, ಕಾರು ಬಿಡಿ. ಬೆಂಗಳೂರಿನಿಂದ ಕೊಲ್ಲೂರಿಗೆ ರಾತ್ರಿ ಬಸ್ ಇದೆ, ಶಿವಮೊಗ್ಗಕ್ಕೆ ರೈಲಿದೆ.

ಹಾಗಾದರೆ ಎಷ್ಟು ಗಂಟೆಗೆ ಹೊರಡಬೇಕು?

ಬೆಳಗ್ಗೆ ನಾಲ್ಕೂವರೆ. ಐದು ಗಂಟೆ ದಾಟಿಸಬೇಡಿ. ಗೊರಗುಂಟೆಪಾಳ್ಯ, ಪೀಣ್ಯ, ಎಂಟನೇ ಮೈಲಿ, ನೆಲಮಂಗಲ ಇವನ್ನು ಕತ್ತಲಿರುವಾಗಲೇ ದಾಟಿದರೆ ದಿನದ ಅರ್ಧ ಚಿಂತೆ ಮುಗಿದ ಹಾಗೆ. ಆರು ಗಂಟೆ ಹೊತ್ತಿಗೆ ಕ್ಯಾತ್ಸಂದ್ರದಲ್ಲಿ ಬಿಸಿ ತಟ್ಟೆ ಇಡ್ಲಿ ಸಿಗುತ್ತದೆ. ಹನ್ನೊಂದರ ಆಸುಪಾಸಿಗೆ ಶಿವಮೊಗ್ಗ. ಊಟ ಮುಗಿಸಿ ಹೊರಟರೆ ಮೂರು ಗಂಟೆ ಒಳಗೆ ನಗರದಲ್ಲಿರುತ್ತೀರಿ. ಬಿದನೂರು ಕೋಟೆ ಇರುವ ಊರಿನ ಹೆಸರೇ ನಗರ. ಉಳಿಯುವ ಜಾಗಕ್ಕೆ ಸಂಜೆ ಬೆಳಕಲ್ಲೇ ತಲುಪುತ್ತೀರಿ.

ಮಕ್ಕಳನ್ನು ನಿದ್ದೆಯಲ್ಲೇ ಎತ್ತಿ ಹಿಂದಿನ ಸೀಟಿಗೆ ಹಾಕಿಬಿಡಿ. ತುಮಕೂರಿನ ತನಕ ಅವರು ಏಳುವುದಿಲ್ಲ.

ಯಾವ ದಾರಿ ಒಳ್ಳೇದು?

ಬೆಂಗಳೂರು, ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ. ಹೆದ್ದಾರಿಗಳ ನಂಬರ್ ಬದಲಾಗಿದ್ದರೂ ಜನ ಇನ್ನೂ ಇದನ್ನು ಎನ್‌ಎಚ್ 206 ಅಂತಲೇ ಕರೆಯುತ್ತಾರೆ. ನಾಲ್ಕು ಪಥವಾದ ಕಡೆ ಗಾಡಿ ಸಲೀಸಾಗಿ ಓಡುತ್ತದೆ. ಕೆಲಸ ಬಾಕಿ ಇರುವ ಕಡೆ ದಿಢೀರನೆ ಡೈವರ್ಷನ್ ಬರುತ್ತದೆ, ಹಾಗಾಗಿ ಬೋರ್ಡ್ ಕಂಡ ತಕ್ಷಣ ವೇಗ ಇಳಿಸಿ. ಫಾಸ್ಟ್ಯಾಗ್‌ನಲ್ಲಿ ದುಡ್ಡು ಇದೆಯಾ ಅಂತ ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ಶಿವಮೊಗ್ಗದಿಂದ ಮುಂದೆ ಎರಡು ಆಯ್ಕೆ. ಆಯನೂರು, ರಿಪ್ಪನ್‌ಪೇಟೆ, ಹೊಸನಗರ ಮೇಲೆ ನಗರಕ್ಕೆ ಹೋಗಬಹುದು. ಇಲ್ಲವೇ ತುಂಗೆಯ ಜೊತೆಗೇ ತೀರ್ಥಹಳ್ಳಿಗೆ ಹೋಗಿ, ಅಲ್ಲಿಂದ ನಗರಕ್ಕೆ ಬರಬಹುದು. ಹೋಗುವಾಗ ಹೊಸನಗರದ ದಾರಿ, ಬರುವಾಗ ತೀರ್ಥಹಳ್ಳಿ ದಾರಿ ಅನ್ನುವುದು ನನ್ನ ಸಲಹೆ. ಕಾರಣ ಕೆಳಗೆ ಹೇಳಿದ್ದೇನೆ. ನಗರ ದಾಟಿ ಸಂಪೆಕಟ್ಟೆ, ನಿಟ್ಟೂರು ಕಡೆ ಹೋದರೆ ಬೆಟ್ಟದ ಬುಡ ಸಿಕ್ಕಿತು. ಅದೇ ರಸ್ತೆ ಮುಂದೆ ನಾಗೋಡಿ ಘಾಟಿ ಇಳಿದು ಕೊಲ್ಲೂರಿಗೆ ಹೋಗುತ್ತದೆ.

ಹಾಸನ, ಚಿಕ್ಕಮಗಳೂರು, ಕೊಪ್ಪ, ತೀರ್ಥಹಳ್ಳಿ ದಾರಿಯೂ ಇದೆ. ನೋಡೋಕೆ ಬಲು ಚಂದ. ಆದರೆ ಚಿಕ್ಕಮಗಳೂರು ದಾಟಿದ ಮೇಲೆ ಪೂರ್ತಿ ತಿರುವಿನ ರಸ್ತೆ, ಒಬ್ಬರೇ ಡ್ರೈವ್ ಮಾಡುವವರಿಗೆ ಸುಸ್ತಾಗುತ್ತದೆ.

ಮ್ಯಾಪ್‌ನಲ್ಲಿ ಕೊಡಚಾದ್ರಿ ಅಂತ ಹಾಕಿದರೆ ಸಾಕಾ?

ಸಾಲದು. ಬೆಟ್ಟಕ್ಕೆ ಒಂದಕ್ಕಿಂತ ಹೆಚ್ಚು ಕಡೆಯಿಂದ ದಾರಿಗಳಿವೆ. ಮ್ಯಾಪ್ ಒಮ್ಮೊಮ್ಮೆ ನಿಮ್ಮನ್ನು ನಡೆದೇ ಹೋಗಬೇಕಾದ ಕಾಲುದಾರಿಯ ಬಾಯಿಗೆ ತಂದು ನಿಲ್ಲಿಸುತ್ತದೆ. ಮೊದಲು ಶಿವಮೊಗ್ಗ, ಆಮೇಲೆ ಹೊಸನಗರ, ಆಮೇಲೆ ನಗರ, ಕೊನೆಗೆ ನೀವು ಉಳಿಯುವ ಮನೆ, ಹೀಗೆ ಹಂತ ಹಂತವಾಗಿ ಹಾಕಿಕೊಳ್ಳಿ. ಬೆಟ್ಟದ ಮೇಲೆ ಹೋಗುವ ಜೀಪ್ ಹತ್ತುವ ಜಾಗಕ್ಕೆ ಕಟ್ಟಿನಹೊಳೆ ಅಂತ ಹುಡುಕಿ.

ಹತ್ತು ನಿಮಿಷ ಉಳಿಯುತ್ತದೆ ಅಂತ ಮ್ಯಾಪ್ ತೋರಿಸುವ ಒಳದಾರಿ ಹಿಡಿಯಬೇಡಿ. ಅದು ಅಡಿಕೆ ತೋಟದ ನಡುವಿನ ಒಂದೇ ಗಾಡಿಯ ರಸ್ತೆ ಆಗಿರಬಹುದು. ಎದುರಿಗೆ ಟ್ರ್ಯಾಕ್ಟರ್ ಬಂದರೆ ನೀವೇ ಅರ್ಧ ಕಿಲೋಮೀಟರ್ ರಿವರ್ಸ್ ಹೋಗಬೇಕು. ಹೊಸನಗರ ಬಿಟ್ಟ ಮೇಲೆ ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಹಾಗಾಗಿ ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಉಳಿಯುವ ಮನೆಯವರ ನಂಬರ್ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ದಾರಿ ಕೇಳೋಕೆ ಸಂಕೋಚ ಬೇಡ. "ಅಣ್ಣ, ನಿಟ್ಟೂರಿಗೆ ಯಾವ ಕಡೆ?" ಅಂದರೆ ಗಾಡಿ ನಿಲ್ಲಿಸಿ ಹೇಳುವ ಜನ ಅವರು.

ನಮ್ಮ ಕಾರು ಬೆಟ್ಟದ ಮೇಲೆ ತನಕ ಹೋಗುತ್ತಾ?

ಇಲ್ಲ. ದೊಡ್ಡ ಎಸ್‌ಯುವಿ ಇದೆ, ಫೋರ್ ವೀಲ್ ಡ್ರೈವ್ ಇದೆ ಅಂದರೂ ನನ್ನ ಉತ್ತರ ಇಲ್ಲ ಅಂತಲೇ. ಕೆಳಗೆ ಕಾರು ನಿಲ್ಲಿಸಿ ಜೀಪ್ ಹಿಡಿಯಿರಿ, ಇಲ್ಲವೇ ನಡೆಯಿರಿ.

ಆ ದಾರಿಯನ್ನು ಒಮ್ಮೆ ನೋಡಿದರೆ ಕಾರಣ ಅರ್ಥವಾಗುತ್ತದೆ. ಕೆಂಪು ಮಣ್ಣು, ಅದರಲ್ಲಿ ಮಳೆನೀರು ಕೊರೆದ ಮೊಣಕಾಲುದ್ದದ ಹಳ್ಳ, ನಡುನಡುವೆ ಎದ್ದ ಬಂಡೆ. ಜೀಪಿನವರು ಎಡಗಡೆ ಚಕ್ರವನ್ನು ದಿಬ್ಬದ ಮೇಲೆ, ಬಲಗಡೆ ಚಕ್ರವನ್ನು ಹಳ್ಳದ ಅಂಚಿಗೆ ಇಟ್ಟು, ಗಾಡಿಯನ್ನು ಓರೆ ಮಾಡಿಕೊಂಡೇ ಹತ್ತಿಸುತ್ತಾರೆ. ತಿರುವು ಒಂದೇ ಸಲಕ್ಕೆ ಸಿಗದ ಕಡೆ ಹಿಂದೆ ಬಂದು ಮತ್ತೆ ತಿರುಗಿಸುತ್ತಾರೆ. ಆಗ ಹಿಂದಿನ ಚಕ್ರ ಅಂಚಿಗೆ ಎಷ್ಟು ಹತ್ತಿರ ಹೋಗಬಹುದು ಅನ್ನುವುದು ಅವರಿಗೆ ಗೊತ್ತು. ಯಾವ ಮಳೆಗೆ ಯಾವ ಕಲ್ಲು ಜಾರಿದೆ ಅನ್ನುವುದೂ ಗೊತ್ತು. ಒಳಗೆ ಕೂತವರು ತಲೆ ಮೇಲಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿರಬೇಕು. ಮೊಬೈಲ್, ಕನ್ನಡಕ, ನೀರಿನ ಬಾಟಲಿ ಎಲ್ಲ ಬ್ಯಾಗಿನೊಳಗೆ ಇರಲಿ.

ಬೆನ್ನುನೋವು, ಸ್ಲಿಪ್ ಡಿಸ್ಕ್ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಆಪರೇಷನ್ ಆದವರು ಈ ಜೀಪ್ ಹತ್ತಬಾರದು. ಇದನ್ನು ಬುಕ್ ಮಾಡುವ ಮುಂಚೆಯೇ ಮನೆಯಲ್ಲಿ ಮಾತಾಡಿಕೊಳ್ಳಿ.

ಜೀಪಿಗೆ ಎಷ್ಟು ಕೊಡಬೇಕು?

ಬಾಡಿಗೆ ಸಾಮಾನ್ಯವಾಗಿ ಇಡೀ ಜೀಪಿಗೆ. ಜನ ಸೇರಿದಷ್ಟೂ ತಲೆಗೆ ಬೀಳುವುದು ಕಡಿಮೆ. ನೀವು ಇಬ್ಬರೇ ಇದ್ದರೆ ಇನ್ನೊಂದು ಗುಂಪಿನ ಜೊತೆ ಸೇರಿಕೊಳ್ಳಬಹುದು. ಅರಣ್ಯ ಇಲಾಖೆಯ ಪ್ರವೇಶ ಶುಲ್ಕ ಬೇರೆ. ದರ ಆಗಾಗ ಬದಲಾಗುವುದರಿಂದ ಹಿಂದಿನ ದಿನ ಉಳಿದ ಮನೆಯವರನ್ನೇ ಕೇಳಿ, ಅವರ ಮೂಲಕವೇ ಜೀಪ್ ಹೇಳಿಸಿ. ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಅನ್ನುವುದನ್ನು ಹತ್ತುವ ಮೊದಲೇ ಮಾತಾಡಿ. ನಗದು ಇರಲಿ, ಸಿಗ್ನಲ್ ಇಲ್ಲದ ಕಡೆ ಫೋನ್‌ಪೇ ನಂಬಿಕೊಂಡು ಹೋಗಬೇಡಿ.

ಕೊಲ್ಲೂರಿನಿಂದಲೂ ಜೀಪ್ ಸಿಗುತ್ತದೆ. ನವರಾತ್ರಿ ಹೊತ್ತಿಗೆ, ಅದರಲ್ಲೂ ವಿಜಯದಶಮಿಯ ವಿದ್ಯಾರಂಭಕ್ಕೆ ಕೇರಳದ ಭಕ್ತರು ಸಾವಿರಗಟ್ಟಲೆ ಕೊಲ್ಲೂರಿಗೆ ಬರುತ್ತಾರೆ. ಆ ವಾರ ಜೀಪೂ ಇಲ್ಲ, ರೂಮೂ ಇಲ್ಲ.

ಮೇಲೆ ಏನೇನಿದೆ? ಎಷ್ಟು ನಡೆಯಬೇಕು?

ಜೀಪ್ ನಿಲ್ಲುವುದು ಮೂಲ ಮೂಕಾಂಬಿಕೆ ದೇವಸ್ಥಾನದ ಹತ್ತಿರ. ಅಲ್ಲಿ ಎತ್ತರದ ಕಬ್ಬಿಣದ ಕಂಬವೊಂದಿದೆ. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲ ಅದು ಅನ್ನುವುದು ನಂಬಿಕೆ. ಇಷ್ಟು ಮಳೆ ಬೀಳುವ ಊರಲ್ಲಿ, ಬಯಲಿನಲ್ಲೇ ಆ ಕಂಬ ನಿಂತಿದೆ. ದೇವಸ್ಥಾನ ನೋಡಿ ಸೀದಾ ಮೇಲೆ ಓಡಬೇಡಿ, ಐದು ನಿಮಿಷ ಅದರ ಹತ್ತಿರ ನಿಲ್ಲಿ.

ಅಲ್ಲಿಂದ ಶಿಖರಕ್ಕೆ ಸುಮಾರು ಎರಡು ಕಿ.ಮೀ. ನಡಿಗೆ. ಕೊನೆಗೆ ಸರ್ವಜ್ಞ ಪೀಠ, ಒರಟು ಕಲ್ಲಿನ ಸಣ್ಣ ಮಂಟಪ. ಶಂಕರಾಚಾರ್ಯರು ಇಲ್ಲಿ ತಪಸ್ಸು ಮಾಡಿದರು ಅಂತ ನಂಬುತ್ತಾರೆ. ಸುತ್ತ ಹುಲ್ಲುಗಾವಲು, ಕಣಿವೆಗಳಲ್ಲಿ ದಟ್ಟ ಶೋಲಾ ಕಾಡು. ಗಾಳಿಗೆ ಇಲ್ಲಿ ತಡೆಯೇ ಇಲ್ಲ, ಜರ್ಕಿನ್ ಬೇಕೇ ಬೇಕು. ಆಕಾಶ ತಿಳಿಯಾಗಿದ್ದರೆ ಪಶ್ಚಿಮಕ್ಕೆ ಅರಬ್ಬೀ ಸಮುದ್ರ ಕಾಣುತ್ತದೆ. ಪೀಠದಿಂದ ಕೆಳಗೆ ಕಾಡಿನೊಳಗೆ ಇಳಿದರೆ ಚಿತ್ರಮೂಲ ಎಂಬ ಗುಹೆ ಇದೆ. ಇಳಿಜಾರು ಕಡಿದು, ಬೇರು ಹಿಡಿದು ಇಳಿಯಬೇಕು. ಮಳೆ ಬಂದು ಒದ್ದೆಯಾಗಿದ್ದರೆ ಅದನ್ನು ಬಿಟ್ಟುಬಿಡಿ.

ಸೂರ್ಯಾಸ್ತಕ್ಕೆ ಜನ ಜಾಸ್ತಿ. ನನಗೆ ಬೆಳಗ್ಗೆಯೇ ಇಷ್ಟ. ಮೊದಲ ಜೀಪಿಗೆ ಹೋದರೆ ಮೋಡ ಕಣಿವೆಯಲ್ಲಿ ಕೆಳಗೇ ಇರುತ್ತದೆ, ಗಲಾಟೆ ಇರುವುದಿಲ್ಲ, ಇಳಿಯುವಾಗ ಕತ್ತಲಿನ ಭಯವೂ ಇಲ್ಲ. ಮೇಲೆ ಹೊಟೇಲ್ ಇದೆ ಅಂದುಕೊಳ್ಳಬೇಡಿ, ತಿಂಡಿ, ನೀರು ಕೆಳಗಿನಿಂದಲೇ ಒಯ್ಯಿರಿ. ಖಾಲಿ ಬಾಟಲಿ, ಚಿಪ್ಸ್ ಕವರ್ ನಿಮ್ಮ ಬ್ಯಾಗಿನಲ್ಲೇ ವಾಪಸ್ ಬರಬೇಕು. ರಾಜ್ಯ ಸರ್ಕಾರವೇ ನೈಸರ್ಗಿಕ ಪಾರಂಪರಿಕ ತಾಣ ಅಂತ ಘೋಷಿಸಿದ ಬೆಟ್ಟ ಇದು. ಹುಲ್ಲಿನಲ್ಲಿ ಒಡೆದ ಬಿಯರ್ ಬಾಟಲಿ ಕಂಡಾಗ ಹೊಟ್ಟೆ ಉರಿಯುತ್ತದೆ.

ಟೆಂಟ್ ಹಾಕಬಹುದಾ?

ಶಿಖರದಲ್ಲಿ ಬೇಡ. ಅದು ಕಾಡು, ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ. ಬುಡದ ಹೋಂಸ್ಟೇಗಳ ಜಾಗದಲ್ಲಿ ಹಾಕಿಕೊಳ್ಳಬಹುದು.

ನಡೆದೇ ಹತ್ತಬೇಕು ಅಂತ ಆಸೆ. ಆಗುತ್ತಾ?

ಖಂಡಿತ. ಹಿಡ್ಲುಮನೆ ಜಲಪಾತದ ಕಡೆಯಿಂದ ಹತ್ತುವ ದಾರಿ ಹೆಸರುವಾಸಿ. ಅರಣ್ಯ ಇಲಾಖೆ ಮಳೆಗಾಲದಲ್ಲೂ, ಬೇಸಿಗೆಯ ಕಾಡ್ಗಿಚ್ಚಿನ ದಿನಗಳಲ್ಲೂ ಚಾರಣ ನಿಲ್ಲಿಸುವುದುಂಟು. ಹೊರಡುವ ವಾರ ಇಲಾಖೆಯ ಅರಣ್ಯ ವಿಹಾರ ಜಾಲತಾಣ ನೋಡಿ, ಟಿಕೆಟ್ ಸಿಕ್ಕ ಮೇಲೆ ರಜೆ ಹಾಕಿ. ಊರಿನ ಗೈಡ್ ಒಬ್ಬರು ಜೊತೆಗಿರಲಿ. ಮಂಜು ಇಳಿದರೆ ಹತ್ತು ಹೆಜ್ಜೆ ಮುಂದಿನ ದಾರಿಯೂ ಕಾಣುವುದಿಲ್ಲ.

ಯಾವ ತಿಂಗಳು ಹೋಗಬೇಕು?

ಅಕ್ಟೋಬರ್ ನಡುವಿನಿಂದ ಜನವರಿ ತನಕ. ಆಗ ಹಸಿರೂ ಇರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ. ಅಡಿಕೆ ಕೊಯ್ಲಿನ ಹೊತ್ತು ಬೇರೆ. ಊರೂರಲ್ಲಿ ಹಂಡೆಯಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ ರಸ್ತೆ ತನಕ ಬರುತ್ತದೆ, ಅಂಗಳದ ತುಂಬ ಕೆಂಪಡಿಕೆ ಹರವಿರುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್ ನಿಜವಾದ ಮಲೆನಾಡಿನ ಮಳೆ. ಪಕ್ಕದ ಹುಲಿಕಲ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳ ಪೈಕಿ ಒಂದು, ಆಗುಂಬೆಯ ಸಾಲಿಗೆ ಸೇರಿದ್ದು. ಮರ ಬೀಳುತ್ತದೆ, ಧರೆ ಕುಸಿಯುತ್ತದೆ, ಕರೆಂಟ್ ಇರುವುದಿಲ್ಲ, ಬೆಟ್ಟದ ದಾರಿ ಮುಚ್ಚಿರಬಹುದು. ಮಳೆಯನ್ನೇ ನೋಡೋಕೆ ಹೋಗುವವರು ಹೋಂಸ್ಟೇ ಜಗಲಿಯಲ್ಲಿ ಕೂತು ನೋಡಲಿ, ಶಿಖರದ ಆಸೆ ಬಿಡಲಿ.

ಉಂಬಳಕ್ಕೆ ಏನು ಮಾಡೋದು?

ಉಂಬಳ ಅಂದರೆ ಕಾಡಿನ ಜಿಗಣೆ, ಅದರಿಂದ ಪ್ರಾಣಕ್ಕೇನೂ ತೊಂದರೆ ಇಲ್ಲ. ಉಪ್ಪು ಅಥವಾ ಸುಣ್ಣ ತಾಗಿಸಿದರೆ ಬಿಡುತ್ತದೆ. ನೀವು ನಿಜವಾಗಿ ಹೆದರಬೇಕಾದದ್ದು ಉಣುಗಿಗೆ, ಅಂದರೆ ದನ, ನಾಯಿಗಳ ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳಕ್ಕೆ.

ಮಂಗನ ಕಾಯಿಲೆಯ ವಿಷಯವನ್ನು ಪ್ರವಾಸದ ಮಾಹಿತಿಯಲ್ಲಿ ಯಾರೂ ಹೇಳುವುದಿಲ್ಲ, ಆದರೆ ಹೇಳಲೇಬೇಕು. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ಇದೇ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೊಸನಗರ, ತೀರ್ಥಹಳ್ಳಿ, ಸಾಗರ ಭಾಗದಲ್ಲಿ ಜನ ಇದರಿಂದ ಸತ್ತಿದ್ದಾರೆ. ಹರಡುವುದು ಉಣುಗಿನಿಂದ, ಜಾಸ್ತಿ ಇರುವುದು ಡಿಸೆಂಬರ್‌ನಿಂದ ಮೇ ತನಕ. ಅಂದರೆ ಪ್ರವಾಸಕ್ಕೆ ಒಳ್ಳೆಯದು ಅನ್ನುವ ತಿಂಗಳುಗಳಲ್ಲೂ ಇರುತ್ತದೆ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟ್ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಉಣುಗು ಮೈಗೆ ಹತ್ತದಂತೆ ತಡೆಯುವ ಡೆಪಾ ಎಣ್ಣೆ ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ಸಿಕ್ಕರೆ ಹಚ್ಚಿಕೊಳ್ಳಿ. ತರಗೆಲೆ ಮೇಲೆ ಕೂರಬೇಡಿ. ವಾಪಸ್ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಹಾಕಿದ್ದ ಬಟ್ಟೆ ಒಗೆಯಲು ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಊರಿನವರಿಗೆ ತಿಳಿಸಿ.

ಊರಿಗೆ ಬಂದ ಮೇಲೆ ಒಂದೆರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ "ಹೊಸನಗರದ ಕಾಡಿಗೆ ಹೋಗಿದ್ದೆ" ಅಂತ ನೀವೇ ಹೇಳಿ. ಬೆಂಗಳೂರಿನಲ್ಲಿ ಕೂತ ಡಾಕ್ಟರಿಗೆ ಅದು ತಾನಾಗಿ ಹೊಳೆಯುವುದು ಕಷ್ಟ.

ಎಲ್ಲಿ ಉಳಿಯುವುದು?

ನಗರ, ಸಂಪೆಕಟ್ಟೆ, ನಿಟ್ಟೂರು ಸುತ್ತಮುತ್ತ ತೋಟದ ಮನೆಗಳೇ ಹೋಂಸ್ಟೇ ಆಗಿವೆ. ಕೊಲ್ಲೂರಿನಲ್ಲಿ ಲಾಡ್ಜ್ ಇವೆ. ನನ್ನ ಮತ ತೋಟದ ಮನೆಗೆ. ಅಕ್ಕಿ ರೊಟ್ಟಿ, ಕಡುಬು, ಅಪ್ಪೆಮಿಡಿ ಉಪ್ಪಿನಕಾಯಿ ಸಿಗುತ್ತದೆ. ಮಳೆ ಶುರುವಾದ ಮೇಲಾದರೆ ಕಳಲೆ ಪಲ್ಯ. ಎಷ್ಟು ಜನ ಬರುತ್ತೀರಿ, ಊಟಕ್ಕೆ ಎಷ್ಟು ಹೊತ್ತಿಗೆ ಇರುತ್ತೀರಿ ಅಂತ ಮೊದಲೇ ಹೇಳಿ. ಅದು ಮನೆ, ಆರ್ಡರ್ ಮಾಡಿದ ಕೂಡಲೇ ತರುವ ಹೊಟೇಲ್ ಅಲ್ಲ.

ದಾರಿಯಲ್ಲಿ ನಿಲ್ಲಲೇಬೇಕಾದ ಜಾಗ ಯಾವುದು?

ಸಮಯ ಒಂದಕ್ಕೇ ಇದ್ದರೆ ನಗರದ ಕೋಟೆ. ಕೆಳದಿ ಅರಸರ ಕೊನೆಯ ರಾಜಧಾನಿ ಬಿದನೂರು ಇದೇ. 1763ರಲ್ಲಿ ಹೈದರ್ ಅಲಿ ಗೆದ್ದು ಹೈದರ್ ನಗರ ಅಂತ ಹೆಸರಿಟ್ಟ, ಈಗ ಬರೀ ನಗರ ಉಳಿದಿದೆ. ರಸ್ತೆ ಪಕ್ಕದಲ್ಲೇ ಕಾರು ನಿಲ್ಲಿಸಿ ಒಳಗೆ ಹೋಗಬಹುದು. ಪಾಚಿ ಹಿಡಿದ ಗೋಡೆ, ಮೇಲೆ ಹತ್ತಿದರೆ ದರ್ಬಾರಿನ ಅಡಿಪಾಯ, ಅಕ್ಕ ತಂಗಿ ಕೊಳ. ಒಂದು ಗಂಟೆ ಕೊಡಿ. ಹತ್ತಿರದಲ್ಲೇ ದೇವಗಂಗೆ ಇದೆ. ಕೆಳದಿ ಅರಸರ ಕಾಲದ ಕೊಳಗಳು ಅವು, ನೀರು ಈಗಲೂ ಹರಿಯುತ್ತದೆ. ಅವಸರದಲ್ಲಿ ಎಷ್ಟೋ ಜನ ನೋಡದೇ ಮುಂದೆ ಹೋಗುತ್ತಾರೆ.

ತರೀಕೆರೆ ಹತ್ತಿರ ಅಮೃತಾಪುರದಲ್ಲಿ 1196ರ ಹೊಯ್ಸಳ ದೇವಸ್ಥಾನ ಇದೆ, ಅಮೃತೇಶ್ವರ. ಬೇಲೂರಿನ ನೂಕುನುಗ್ಗಲು ಇಲ್ಲಿಲ್ಲ. ಸಕ್ರೆಬೈಲು ಆನೆ ಬಿಡಾರ ಶಿವಮೊಗ್ಗ, ತೀರ್ಥಹಳ್ಳಿ ರಸ್ತೆಯಲ್ಲಿದೆ. ಆನೆಗಳ ಸ್ನಾನ ಬೆಳಗಿನ ಹೊತ್ತು, ಹೋಗುವ ದಿನ ಹೊಂದುವುದಿಲ್ಲ. ವಾಪಸ್ ಬರುವಾಗ ತೀರ್ಥಹಳ್ಳಿ ದಾರಿ ಹಿಡಿಯಿರಿ ಅಂದಿದ್ದು ಇದಕ್ಕೇ. ಬೆಳಗ್ಗೆ ಬೇಗ ಹೊರಟರೆ ಸಿಗುತ್ತದೆ. ಕುಪ್ಪಳಿಯ ಕುವೆಂಪು ಮನೆ, ಕವಿಶೈಲ ನೋಡಬೇಕು ಅಂದರೆ ಇನ್ನೊಂದು ದಿನ ಸೇರಿಸಿ. ಅದನ್ನು ಅರ್ಧ ಗಂಟೆಯಲ್ಲಿ ಮುಗಿಸುವುದು ಬೇಡ.

ಘಾಟಿಯಲ್ಲಿ ಓಡಿಸಿ ಅಭ್ಯಾಸ ಇಲ್ಲ. ಏನು ಗಮನಿಸಬೇಕು?

ಈ ದಾರಿಯಲ್ಲಿ ಶಿವಮೊಗ್ಗ ಕಡೆಯಿಂದ ಹೋದರೆ ದೊಡ್ಡ ಘಾಟಿ ಹತ್ತುವುದಿಲ್ಲ. ಕೊಲ್ಲೂರಿಗೆ ಇಳಿಯುವಾಗ ಮಾತ್ರ ನಾಗೋಡಿ ಘಾಟಿ ಸಿಗುತ್ತದೆ. ಇಳಿಯುವಾಗ ಎರಡನೇ ಗೇರ್‌ನಲ್ಲಿಡಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಹೋಗಬೇಡಿ. ಬ್ರೇಕ್ ಕಾದರೆ ಹಿಡಿಯುವುದಿಲ್ಲ. ಸುಟ್ಟ ವಾಸನೆ ಬಂದರೆ ಅಗಲ ಇರುವ ಕಡೆ ನಿಲ್ಲಿಸಿ ಆರಲು ಬಿಡಿ, ನೀರು ಎರಚಬೇಡಿ. ಯಾವತ್ತೂ ನ್ಯೂಟ್ರಲ್ ಮಾಡಬೇಡಿ. ಹತ್ತುವ ಗಾಡಿಗೆ ಮೊದಲು ದಾರಿ ಬಿಡಿ. ತಿರುವಿನಲ್ಲಿ ಹಾರ್ನ್ ಮಾಡಿ, ನಿಮ್ಮ ಎಡ ಬಿಡಬೇಡಿ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ಹೊಡೆಯುತ್ತದೆ, ಲೋ ಬೀಮ್ ಇರಲಿ.

ಗಾಡಿ ಎಷ್ಟು ತಯಾರಿರಬೇಕು? ಎಲೆಕ್ಟ್ರಿಕ್ ಕಾರು ಒಯ್ಯಬಹುದಾ?

ಟೈರ್, ಬ್ರೇಕ್, ವೈಪರ್ ನೋಡಿಸಿ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ, ಜಾಕ್ ಇದೆಯಾ ಅಂತ ಕೈಯಾರೆ ನೋಡಿ. ಪೆಟ್ರೋಲ್ ಶಿವಮೊಗ್ಗದಲ್ಲೇ ಫುಲ್ ಮಾಡಿಸಿ. ಎಲೆಕ್ಟ್ರಿಕ್ ಕಾರಾದರೆ ತುಮಕೂರು, ಶಿವಮೊಗ್ಗದಲ್ಲಿ ಚಾರ್ಜ್ ಮಾಡಿಕೊಂಡು, ಶಿವಮೊಗ್ಗದಿಂದ ಬೆಟ್ಟದ ಬುಡಕ್ಕೆ ಹೋಗಿ ಶಿವಮೊಗ್ಗಕ್ಕೇ ವಾಪಸ್ ಬರುವಷ್ಟು, ಅಂದರೆ ಸುಮಾರು 200 ಕಿ.ಮೀ. ಮತ್ತು ಅದರ ಮೇಲೆ ಒಂದಿಷ್ಟು, ಬ್ಯಾಟರಿಯಲ್ಲಿ ಉಳಿಯುತ್ತದಾ ಅಂತ ಲೆಕ್ಕ ಹಾಕಿ. ಹೋಂಸ್ಟೇ ಪ್ಲಗ್ ನಂಬಿಕೊಂಡು ಹೋಗಬೇಡಿ, ಮಲೆನಾಡಿನಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳೋಕಾಗಲ್ಲ.

ಮಕ್ಕಳಿಗೆ ವಾಂತಿ ಆಗುತ್ತೆ.

ಶಿವಮೊಗ್ಗದ ಊಟ ಹಗುರ ಇರಲಿ. ತಿರುವು ಶುರುವಾದ ಮೇಲೆ ಮೊಬೈಲ್ ಕೊಡಬೇಡಿ, ಮುಂದೆ ನೋಡಲು ಹೇಳಿ, ಕಿಟಕಿ ಸ್ವಲ್ಪ ಇಳಿಸಿ. ಮಾತ್ರೆ ಕೊಡುವುದಿದ್ದರೆ ಮಕ್ಕಳ ಡಾಕ್ಟರನ್ನು ಕೇಳಿಯೇ ಕೊಡಿ, ಅದೂ ಹೊರಡುವ ಮುಂಚೆ.

ವಾಪಸ್ ಬರುವ ದಿನ ಹೇಗೆ ಪ್ಲಾನ್ ಮಾಡಬೇಕು?

ಬೆಳಗ್ಗೆ ಏಳಕ್ಕೆ ಹೊರಡಿ. ತೀರ್ಥಹಳ್ಳಿ ಮೇಲೆ ಬಂದು ಸಕ್ರೆಬೈಲು ನೋಡಿ, ಮಧ್ಯಾಹ್ನದ ಊಟಕ್ಕೆ ಶಿವಮೊಗ್ಗ ಅಥವಾ ತರೀಕೆರೆ. ನಾಲ್ಕರ ಹೊತ್ತಿಗೆ ಅರಸೀಕೆರೆ ದಾಟಿದರೆ ಏಳರೊಳಗೆ ನೆಲಮಂಗಲ. ಭಾನುವಾರವಾದರೆ ಅಲ್ಲಿಂದ ಮನೆಗೆ ಇನ್ನೂ ಎರಡು ಗಂಟೆ ಹಿಡಿಯಬಹುದು, ಅದನ್ನು ಲೆಕ್ಕಕ್ಕೆ ಸೇರಿಸಿಯೇ ಹೊರಡಿ. ಸಾಧ್ಯವಿದ್ದರೆ ಸೋಮವಾರ ರಜೆ ಹಾಕಿ, ಶನಿವಾರ ಹೊರಟು ಸೋಮವಾರ ಬನ್ನಿ. ಇಬ್ಬರಿಗೆ ಡ್ರೈವಿಂಗ್ ಬಂದರೆ ತಿಪಟೂರಿನಲ್ಲಿ ಎಳನೀರು ಕುಡಿದು ಸ್ಟಿಯರಿಂಗ್ ಬದಲಾಯಿಸಿಕೊಳ್ಳಿ.